ಇಳಿಯುವ ಸುಖ

ಚಾಮುಂಡಿ ಬೆಟ್ಟ ಹತ್ತಿದವರಿಗೆ ಎಲ್ಲರೂ ಶಹಬ್ಬಾಸ್ ಹೇಳುತ್ತಾರೆ, ಇಳಿದವರನ್ನು ಕೇಳುವವರಿಲ್ಲ. ನನಗೋ ಇಳಿಯುವುದೇ ಇಷ್ಟ. ಹತ್ತುವಾಗ ಕಾಣುವುದು ಮುಂದಿನವರ ಹಿಮ್ಮಡಿ. ಇಳಿಯುವಾಗ ಮರಗಳ ಸಂದಿಯಲ್ಲಿ ಮೈಸೂರೇ ಎದುರಾಗುತ್ತದೆ.

ಆದರೆ ಮಂಡಿ ನೋವಿದ್ದವರಿಂದ ಬೆಟ್ಟ ಸುಂಕ ವಸೂಲು ಮಾಡುವುದೂ ಇಳಿಯುವಾಗಲೇ. ದೊಡ್ಡದೇವರಾಜ ಒಡೆಯರು 17ನೇ ಶತಮಾನದಲ್ಲಿ ಕಟ್ಟಿಸಿದ ಸಾವಿರ ಮೆಟ್ಟಿಲು. ಪ್ರತಿಯೊಂದರಲ್ಲೂ ಗಳಿಗೆ ಹೊತ್ತು ಮೈಭಾರವೆಲ್ಲ ಒಂಟಿ ಕಾಲಿನ ಮೇಲೆ. ಮಡಿಸಿದ ಮಂಡಿಯ ಚಿಪ್ಪಿನ ಹಿಂದೆ ಆಗ ಬೀಳುವ ಒತ್ತಡ ಮೈತೂಕದ ಹಲವು ಪಟ್ಟು.

ಫಿಸಿಯೋಥೆರಪಿಸ್ಟ್ ಹುಡುಗಿ ನನ್ನ ಮಂಡಿಯನ್ನು ಮುಟ್ಟುವ ಮೊದಲೇ, “ಬಲಗಾಲಲ್ಲಿ ನಿಂತ್ಕೊಳ್ಳಿ ಸರ್” ಎಂದಳು. ಎಡಗಾಲು ಎತ್ತಿದ್ದೇ ತಡ, ಎಡಸೊಂಟ ಕೆಳಗೆ ಜಾರಿತು. ಬಲತೊಡೆ ಒಳಕ್ಕೆ ವಾಲಿ ಮಂಡಿಯನ್ನೂ ಎಳೆದುಕೊಂಡಿತು. “ಕೂಗ್ತಿರೋದು ಮಂಡಿ, ಮೈಗಳ್ಳ ಸೊಂಟ” ಎಂದು ನಕ್ಕಳು. ಜರ್ಮನಿಯ ಶಸ್ತ್ರವೈದ್ಯ ಟ್ರೆಂಡೆಲೆನ್‌ಬರ್ಗ್ 1895ರಲ್ಲೇ ವಿವರಿಸಿದ ಜಾರಾಟವಿದು. ಅದನ್ನು ತಡೆಯಬೇಕಾದದ್ದು ಪಿರ್ರೆಯ ಪಕ್ಕದಲ್ಲಿರುವ ಗ್ಲೂಟಿಯಸ್ ಮೀಡಿಯಸ್ ಎಂಬ ಸ್ನಾಯು.

ಅಂದಿನಿಂದ ನನಗೆ ಹೊಸ ಗೀಳು. ಮಗ್ಗುಲಾಗಿ ಮಲಗಿ, ಮೇಲಿನ ಕಾಲನ್ನು ತುಸು ಹಿಂದಕ್ಕೆ ಒಯ್ದು ಎತ್ತಬೇಕು. ಅದಕ್ಕಿಂತ ನಿಧಾನವಾಗಿ ಇಳಿಸಬೇಕು. ಹೆಬ್ಬೆರಳು ಆಕಾಶ ನೋಡಿದರೆ ತೊಡೆಯ ಮುಂಭಾಗ ಕೆಲಸ ಕದಿಯುತ್ತದೆ. ಸರಿಯಾಗಿ ಎತ್ತಿದರೆ ಪ್ಯಾಂಟಿನ ಜೇಬಿರುವ ಜಾಗದಲ್ಲಿ ಸಣ್ಣ ಉರಿ, ಅದೇ ಬಹುಮಾನ. ಆಮೇಲೆ ಕಾಲಿಗೆ ರಬ್ಬರ್ ಪಟ್ಟಿ ಕಟ್ಟಿಕೊಂಡು ನಡುಮನೆಯಲ್ಲಿ ಅಡ್ಡಡ್ಡ ನಡಿಗೆ. “ಅಜ್ಜೀ, ತಾತ ಏಡಿ ಆಗ್ಬಿಟ್ರು!” ಎಂದು ಮೊಮ್ಮಗಳು ವರದಿ ಒಪ್ಪಿಸುತ್ತಾಳೆ.

ಬಲ ಬಂದರೆ ಮುಗಿಯಲಿಲ್ಲ, ಅದು ಬಾಳಿಕೆಯೂ ಬರಬೇಕು. ಬೆಟ್ಟದ ಮೇಲಿನಿಂದ ನಂದಿ ವಿಗ್ರಹದವರೆಗೆ ಸುಮಾರು ಮುನ್ನೂರು ಮೆಟ್ಟಿಲು. ಅಲ್ಲಿಗೆ ಬಲ ಸಾಕು. ನಂದಿ ದಾಟಿದ ಮೇಲಿನ ಏಳುನೂರಕ್ಕೆ ಬೇಕಾಗುವುದು ತಾಳಿಕೆ. ಹರಕೆ ಹೊತ್ತ ಹೆಂಗಸರನ್ನು ನೋಡಿ: ಒಂದೊಂದು ಮೆಟ್ಟಿಲಿಗೂ ಬಗ್ಗಿ, ಅರಿಶಿನ ಬಳಿದು, ಕುಂಕುಮವಿಟ್ಟು, ಮತ್ತೆ ಎದ್ದು ಹತ್ತುತ್ತಾರೆ. ಯಾವ ಜಿಮ್ಮಿನಲ್ಲಿದೆ ಈ ಸಾಧನೆ?

ನನ್ನ ತಾಳಿಕೆಯ ಲೆಕ್ಕ ಚಪ್ಪಲಿಯ ಹತ್ತಿರ ಇದೆ. ಸೊಂಟ ಎಚ್ಚರವಿರುವ ತನಕ ಹೆಜ್ಜೆ ಸದ್ದಿಲ್ಲದೆ ಇಳಿಯುತ್ತದೆ. ದಣಿದರೆ ಪಟ್ ಪಟ್ ಎಂದು ಬಡಿಯುತ್ತದೆ. ಬಡಿದ ಕೂಡಲೇ ಕೂತುಬಿಡುತ್ತೇನೆ. ಓಡೋಡಿ ಇಳಿಯುವ ಹುಡುಗರು “ಸುಸ್ತಾಯ್ತಾ ಅಂಕಲ್?” ಎನ್ನುತ್ತಾರೆ. “ಇಲ್ಲಪ್ಪಾ, ವ್ಯಾಯಾಮ ಮಾಡ್ತಿದೀನಿ” ಎನ್ನುತ್ತೇನೆ.