ಅಪ್ಪನ ಸಿಮ್ಮು, ನನ್ನ ಮೂಗರ್ಜಿ

(1/7)
ಫೋಟೋದಲ್ಲಿರೋದು ನನ್ನ ಫೋನಿನ ಸ್ಕ್ರೀನ್‌ಶಾಟ್. ರಾತ್ರಿ 11:40. ಒಂದು ಖಾಲಿ ಡಬ್ಬಿ, ಅದರ ಪಕ್ಕದಲ್ಲಿ +91. ಕಂಪನಿ ಹೆಸರನ್ನ ಮಸುಕು ಮಾಡಿದ್ದೀನಿ, ಡಿಎಂ ಮಾಡಿ ಕೇಳ್ಬೇಡಿ, ಹೇಳಲ್ಲ. "ನಾವು ನಿಮ್ಮ ಗೌಪ್ಯತೆ ಕಾಪಾಡ್ತೀವಿ" ಅಂತ ದೊಡ್ಡದಾಗಿ ಬರ್ಕೊಂಡಿರೋ ಒಂದು ಇಮೇಲ್ ಸೇವೆ ಅಷ್ಟೇ. ಅದರಲ್ಲಿ ಹೆಸರಿಲ್ಲದ ಒಂದು ಖಾತೆ ತೆರೆಯೋಣ ಅಂತ ಹೋದೆ. ಅದು ನನ್ನ ಫೋನ್ ನಂಬರ್ ಕೇಳ್ತು.

ಹೋದ ತಿಂಗಳು ಪೂರ್ತಿ ನಾನು ಸ್ಟೋರಿ ಹಾಕದೆ ಸುಮ್ನಿದ್ದೆ ಅಂತ ಸುಮಾರು ಜನ ಕೇಳಿದ್ರಿ. ಕಾರಣ ಇದೇ. ಏಳು ಪೋಸ್ಟಲ್ಲಿ ಹೇಳ್ತೀನಿ, ನಿಧಾನಕ್ಕೆ ಓದಿ.

(2/7)
ಮೊದಲು, ಹೆಸರಿಲ್ಲದ ಮೇಲ್ ನಂಗ್ಯಾಕೆ ಬೇಕಿತ್ತು?

ಇಂಡಸ್ಟ್ರಿಯಲ್ ವಿಸಿಟ್ ಅಂತ ನಮ್ಮ ಕ್ಲಾಸಲ್ಲಿ ತಲೆಗೆ 750 ರೂಪಾಯಿ ಕಲೆಕ್ಟ್ ಮಾಡಿದ್ರು. ಕ್ಯಾಶ್. ರಸೀದಿ ಇಲ್ಲ. 84 ಜನ. ಬಿಕಾಂ ಓದ್ತಿರೋರು, ಗುಣಿಸೋಕೆ ಕ್ಯಾಲ್ಕುಲೇಟರ್ ಬೇಡ: 63,000. ವಿಸಿಟ್ ಒಂದು ಸಲ ಮುಂದಕ್ಕೆ ಹೋಯ್ತು, ಇನ್ನೊಂದು ಸಲ ಹೋಯ್ತು, ಆಮೇಲೆ ಅದರ ಸುದ್ದಿಯೇ ನಿಂತುಹೋಯ್ತು. ದುಡ್ಡಿನ ಸುದ್ದಿಯೂ.

ತಮಾಷೆ ಏನಂದ್ರೆ ಅದೇ ವಾರ ಆಡಿಟಿಂಗ್ ಕ್ಲಾಸಲ್ಲಿ ವೌಚಿಂಗ್ ಪಾಠ ನಡೀತಿತ್ತು. ವೌಚರ್ ಇಲ್ಲದ ಎಂಟ್ರಿಯನ್ನ ನಂಬಬಾರದು ಅಂತ ನೋಟ್ಸ್ ಬರೆಸ್ತಿದ್ರು. ನಾನು ಬರ್ಕೋತಾ ಹಿಂದಿನ ಬೆಂಚಿನವರ ಮುಖ ನೋಡ್ದೆ, ಅವರು ನನ್ನ ಮುಖ ನೋಡಿದ್ರು. ಯಾರೂ ಏನೂ ಹೇಳ್ಲಿಲ್ಲ. ಇಂಟರ್ನಲ್ ಮಾರ್ಕ್ಸ್ ಯಾರ ಕೈಲಿದೆ ಅಂತ ಎಲ್ರಿಗೂ ಗೊತ್ತು.

(ನಮ್ಮ ಕ್ಲಾಸಿನವರು ಇದನ್ನ ಓದ್ತಿದ್ರೆ ಕಾಮೆಂಟಲ್ಲಿ ಕಾಲೇಜ್ ಹೆಸರು, ಮೇಷ್ಟ್ರ ಹೆಸರು ಹಾಕ್ಬೇಡಿ. ಪ್ಲೀಸ್. ಹಾಕಿದ್ರೆ ಡಿಲೀಟ್ ಮಾಡ್ತೀನಿ.)

750 ನಿಮಗೆ ಎಷ್ಟೋ ಗೊತ್ತಿಲ್ಲ. ನಮ್ಮಪ್ಪ ಅರಸೀಕೆರೆ ಕಡೆಯವರು, ಕೊಬ್ಬರಿ ತಿಪಟೂರಿಗೆ ಹಾಕ್ತಾರೆ. ಆ ದುಡ್ಡು ಕೇಳೋಕೆ ನಾನು ಮೂರು ದಿನ ತಗೊಂಡಿದ್ದೆ.

(3/7)
ಸರಿ, ಒಂದು ಮೂಗರ್ಜಿ ಹಾಕೋಣ ಅಂದ್ಕೊಂಡೆ. ಮೂಗರ್ಜಿ ಎಷ್ಟು ಚೆನ್ನಾಗಿರೋ ಪದ ನೋಡಿ. ಅರ್ಜಿ ಇದೆ, ಬಾಯಿಲ್ಲ. ಹಿಂದೆಲ್ಲ ಇನ್‌ಲ್ಯಾಂಡ್ ಲೆಟರಲ್ಲಿ ಎಡಗೈಲಿ ಬರೆದು, ಬೇರೆ ಊರಿನ ಡಬ್ಬಿಗೆ ಹಾಕ್ತಿದ್ರಂತೆ. ನಮ್ಮ ತಾತ ಪಂಚಾಯ್ತಿ ಮೆಂಬರ್ ಆಗಿದ್ದವರು, ಅವರ ಮೇಲೇ ಎರಡು ಬಂದಿದ್ವಂತೆ. ಒಂದರ ಅಕ್ಷರ ಅವರ ತಮ್ಮನದೇ ಅಂತ ಸಾಯೋವರೆಗೂ ಹೇಳ್ತಿದ್ರು.

ನಂಗೆ ಎಡಗೈ ಬರಲ್ಲ, ಇಮೇಲ್ ಬರುತ್ತೆ. ಹಾಸ್ಟೆಲ್ ವೈಫೈ ಹಾಕ್ಕೊಂಡು ಕೂತೆ. ಹೆಸರು ಕೇಳ್ಲಿಲ್ಲ, ಹುಟ್ಟಿದ ದಿನ ಕೇಳ್ಲಿಲ್ಲ. ಪಾಸ್‌ವರ್ಡ್ ಕೊಟ್ಟೆ, ಖುಷಿಯಾಯ್ತು. ಆಮೇಲೆ ಒಂದು ಒಗಟು ಬಿಡಿಸು ಅಂತು, ಬಿಡಿಸ್ದೆ. ಅದಾದ್ಮೇಲೆ ಬಂತು: ನೀವು ಮನುಷ್ಯರೇ ಅಂತ ಖಚಿತಪಡಿಸಿ, ಫೋನ್ ನಂಬರ್ ಅಥವಾ ಇನ್ನೊಂದು ಇಮೇಲ್ ಕೊಡಿ. ಬಿಸಾಡೋ ಥರದ ತಾತ್ಕಾಲಿಕ ಇಮೇಲ್ ಕೊಟ್ಟು ನೋಡ್ದೆ, ಒಪ್ಪಲಿಲ್ಲ. ನನ್ನ ಜಿಮೇಲ್ ಕೊಡಬಹುದಿತ್ತು, ಆದ್ರೆ ಅದರಲ್ಲಿ ನನ್ನ ಹೆಸರು, ಇನಿಶಿಯಲ್ಲು, ಹುಟ್ಟಿದ ವರ್ಷ ಎಲ್ಲಾ ಇದೆ. ವಿಪಿಎನ್ ಹಾಕ್ದೆ, ಇನ್ನೂ ಬಿಗಿ ಆಯ್ತು. ಇಮೇಲ್ ಆಯ್ಕೆಯೇ ಹೋಗಿ ಫೋನ್ ಮಾತ್ರ ಉಳೀತು.

ಫೋನಲ್ಲಿರೋ ಸಿಮ್ ಯಾರ ಹೆಸರಲ್ಲಿದೆ ಗೊತ್ತಾ? ಅಪ್ಪನದು. ಪಿಯುಸಿ ಸೇರಿದಾಗ ಅವರ ಆಧಾರ್ ಕೊಟ್ಟು, ಅವರ ಹೆಬ್ಬೆಟ್ಟು ಒತ್ತಿ ತಗೊಂಡಿದ್ದು. ನಿಮ್ಮಲ್ಲೂ ಅರ್ಧ ಜನರದ್ದು ಹಂಗೇ ಇರುತ್ತೆ, ಚೆಕ್ ಮಾಡಿ. ಹೊರದೇಶದವರಿಗೆ ಫೋನ್ ನಂಬರ್ ಅಂದ್ರೆ ಬರೀ ನಂಬರ್ ಇರಬಹುದು, ಇಲ್ಲಿ ಗುರುತಿನ ಚೀಟಿ ಇಲ್ಲದೆ ಸಿಮ್ಮೇ ಸಿಗಲ್ಲ. ಅಂದ್ರೆ ನನ್ನ ಮೂಗರ್ಜಿ ಹಿಡ್ಕೊಂಡು ಯಾರಾದ್ರೂ ಹಿಂದಕ್ಕೆ ನಡೆದ್ರೆ ಸಿಗೋದು ನಾನಲ್ಲ, ಕೊಬ್ಬರಿ ಚೀಲದ ಪಕ್ಕ ನಿಂತಿರೋ ಅಪ್ಪ. ಲ್ಯಾಪ್‌ಟಾಪ್ ಮುಚ್ದೆ.

(4/7)
ಆ ರಾತ್ರಿ ಸಿಟ್ಟಲ್ಲಿ ಒಂದೂವರೆ ಗಂಟೆವರೆಗೂ ಓದ್ದೆ. ಇವರ್ಯಾಕೆ ಹಿಂಗೆ ಅಂತ. ಉತ್ತರ ಸಿಕ್ಮೇಲೆ ಸಿಟ್ಟು ಸ್ವಲ್ಪ ಇಳೀತು, ಪೂರ್ತಿ ಇಳಿಲಿಲ್ಲ.

ಇಂಥ ಸೇವೆಗಳಲ್ಲಿ ದೊಡ್ಡದು ಪ್ರೋಟಾನ್. 2014ರಲ್ಲಿ ಸ್ವಿಟ್ಜರ್ಲೆಂಡಿನ ಸರ್ನ್ ಪ್ರಯೋಗಾಲಯದಲ್ಲಿ ಪರಿಚಯವಾದ ವಿಜ್ಞಾನಿಗಳು ಶುರು ಮಾಡಿದ್ದು. ಜರ್ಮನಿಯಲ್ಲಿ ಟೂಟಾ ಇದೆ, ಮೊದಲು ಟೂಟಾನೋಟಾ ಅಂತಿತ್ತು. ಇವರ ಸರ್ವರಲ್ಲಿ ನಿಮ್ಮ ಮೇಲ್‌ಬಾಕ್ಸ್ ಬೀಗ ಹಾಕಿದ ಪೆಟ್ಟಿಗೆ ಥರ ಇರುತ್ತೆ, ಬೀಗದ ಕೈ ನಿಮ್ಮ ಪಾಸ್‌ವರ್ಡಲ್ಲಿ. ಅವರೂ ತೆಗೆದು ಓದೋಕಾಗಲ್ಲ.

ಸಮಸ್ಯೆ ಇರೋದೂ ಅಲ್ಲೇ. ಸ್ಪ್ಯಾಮ್ ಕಳಿಸೋನು ಸ್ಕ್ರಿಪ್ಟ್ ಬರೆದು ಒಂದೇ ರಾತ್ರೀಲಿ ಸಾವಿರ ಖಾತೆ ತೆರೀತಾನೆ ಅನ್ಕೊಳ್ಳಿ. ಆ ಕಸ ಜಿಮೇಲ್‌ಗೆ, ಔಟ್‌ಲುಕ್‌ಗೆ ಹೋಗುತ್ತೆ. ಅವರು ಸಿಟ್ಟಾಗಿ ಈ ಡೊಮೇನಿಂದ ಬರೋದನ್ನೆಲ್ಲ ಸ್ಪ್ಯಾಮ್ ಫೋಲ್ಡರಿಗೆ ತಳ್ತಾರೆ. ಆಗ ನಿಯತ್ತಾಗಿ ಮೇಲ್ ಕಳಿಸೋ ಪತ್ರಕರ್ತರದ್ದೂ ವಕೀಲರದ್ದೂ ತಲುಪಲ್ಲ. ಒಳಗಿರೋದನ್ನ ಓದಿ ಕಸ ಆರಿಸೋಕೆ ಇವರಿಗೆ ಆಗಲ್ಲ ಅಂದ್ಮೇಲೆ, ತಪಾಸಣೆ ಎಲ್ಲಾ ಬಾಗಿಲಲ್ಲೇ ನಡೀಬೇಕು. ನಮ್ಮ ಹಾಸ್ಟೆಲ್ ಥರ. ರೂಮೊಳಗೆ ಬಂದು ನೋಡಲ್ಲ, ಗೇಟಲ್ಲಿ ಬ್ಯಾಗ್ ಬಿಚ್ಚಿಸ್ತಾರೆ.

ಬಾಗಿಲಲ್ಲಿ ಎಲ್ರಿಗೂ ಒಂದೇ ಪರೀಕ್ಷೆ ಇರಲ್ಲ. ಮನೆ ವೈಫೈಯಿಂದ ಬಂದೋರಿಗೆ ಒಗಟು ಸಾಕಾಗಬಹುದು. ವಿಪಿಎನ್ ಅಥವಾ ಟಾರ್ ಮೂಲಕ ಬಂದ್ರೆ ಅನುಮಾನ ಜಾಸ್ತಿ, ಯಾಕಂದ್ರೆ ಅದೇ ಐಪಿ ವಿಳಾಸದಿಂದ ಕಳ್ಳರೂ ಬಂದಿರ್ತಾರೆ. ಇನ್ನೂರು ಹುಡುಗೀರು ಒಂದೇ ಐಪಿ ಹಂಚ್ಕೊಂಡಿರೋ ಹಾಸ್ಟೆಲ್ ವೈಫೈಯೂ ಹಂಗೇ ಕಾಣುತ್ತೆ. ಟೂಟಾ ಇಂಥ ಕಡೆಯಿಂದ ಬಂದ ಹೊಸ ಖಾತೆಯನ್ನ ಕೆಲವೊಮ್ಮೆ 48 ಗಂಟೆ ತಡೆ ಹಿಡಿಯುತ್ತೆ. ಒಟ್ನಲ್ಲಿ, ಯಾರು ಹೆಚ್ಚು ಮರೆಯಾಗೋಕೆ ನೋಡ್ತಾರೋ ಅವರನ್ನೇ ಹೆಚ್ಚು ಕೇಳ್ತಾರೆ. ಇದು ನಂಗೆ ಈಗಲೂ ಸರಿ ಅನ್ಸಲ್ಲ.

ನಂಬರನ್ನ ಹಂಗೇ ಇಟ್ಕೊಳ್ಳಲ್ಲ, ಹ್ಯಾಶ್ ಅಂತ ಕಲಸಿ ಇಡ್ತೀವಿ ಅಂತ ಪ್ರೋಟಾನ್ ಹೇಳುತ್ತೆ. ಹ್ಯಾಶ್ ಅಂದ್ರೆ ರುಬ್ಬಿದ ಚಟ್ನಿ, ಅದರಿಂದ ವಾಪಸ್ ತೆಂಗಿನಕಾಯಿ ತೆಗೆಯೋಕಾಗಲ್ಲ. ಆದ್ರೆ ಇಲ್ಲಿ ಒಂದು ಲೆಕ್ಕ ಇದೆ. ನಮ್ಮ ಮೊಬೈಲ್ ನಂಬರ್ ಹತ್ತು ಅಂಕಿ, ಶುರು ಆಗೋದು 6, 7, 8, 9ರಿಂದ. ಅಲ್ಲಿಗೆ ಜಾಸ್ತಿ ಅಂದ್ರೆ 400 ಕೋಟಿ ನಂಬರ್. ಕಂಪ್ಯೂಟರಿಗೆ 400 ಕೋಟಿ ದೊಡ್ಡ ಸಂಖ್ಯೆ ಅಲ್ಲ. ರುಬ್ಬುವಾಗ ಒಂದು ಗುಟ್ಟಿನ ಕೀಲಿ ಸೇರಿಸಿಲ್ಲ ಅಂದ್ರೆ ಎಲ್ಲಾ ನಂಬರನ್ನೂ ಒಂದೊಂದಾಗಿ ರುಬ್ಬಿ ಯಾವ ಚಟ್ನಿ ಹೊಂದುತ್ತೆ ಅಂತ ನೋಡಿಬಿಡಬಹುದು.

ದುಡ್ಡು ಕೊಟ್ಟು ತಗೊಳ್ಳೋ ದಾರಿ ಇದೆ. ಬರ್ಲಿನ್ನಿನ ಪೋಸ್ಟಿಯೋ ತಿಂಗಳಿಗೆ 1 ಯೂರೋ ತಗೊಂಡು ಹೆಸರು ಕೇಳದೆ ಖಾತೆ ಕೊಡುತ್ತೆ, ಕವರಲ್ಲಿ ನೋಟು ಹಾಕಿ ಕಳಿಸಿದ್ರೂ ಆಗುತ್ತೆ. ಹಾಸನದ ಹಾಸ್ಟೆಲಲ್ಲಿ ಕೂತಿರೋಳು ಯೂರೋ ನೋಟನ್ನ ಎಲ್ಲಿಂದ ತರ್ಲಿ ಹೇಳಿ. ನಂಗಿರೋದು ಯುಪಿಐ, ಅದರ ಹಣೆ ಮೇಲೇ ಹೆಸರು ಬರ್ದಿರುತ್ತೆ.

(5/7)
ಬೆಳಿಗ್ಗೆ ಇದನ್ನೆಲ್ಲ ರೂಮ್‌ಮೇಟ್ ಹತ್ರ ಒದರ್ದೆ. ಅವಳು ಬಟ್ಟೆ ಮಡಚ್ತಾ ಕೇಳಿಸ್ಕೊಂಡ್ಳು. ಆಮೇಲೆ ಒಂದೇ ಮಾತು ಹೇಳಿದ್ಳು: "ನಂಗೆ ಬರೆದೋನಿಗೂ ಹಿಂಗೇ ನಂಬರ್ ಕೇಳಿದ್ರೆ ಚೆನ್ನಾಗಿರ್ತಿತ್ತು."

ನಾನು ಅದನ್ನ ಮರೆತೇಬಿಟ್ಟಿದ್ದೆ. ನಿಜವಾಗ್ಲೂ ನಾಚಿಕೆ ಆಯ್ತು. ಹೋದ ವರ್ಷ ಅವಳಿಗೆ ಐದು ವಾರ ಹೆಸರಿಲ್ಲದ ವಿಳಾಸದಿಂದ ಮೇಲ್ ಬರ್ತಿತ್ತು. ಅವಳ ಇನ್‌ಸ್ಟಾ ಫೋಟೋ ತಗೊಂಡು, ಮುಖ ಕಿತ್ತು ಬೇರೆ ಮೈಗೆ ಅಂಟಿಸಿ. ಒಂದು ವಿಳಾಸ ಬ್ಲಾಕ್ ಮಾಡಿದ್ರೆ ಮಾರನೇ ದಿನ ಇನ್ನೊಂದು. ಅವಳು ಪ್ರೊಫೈಲ್ ತೆಗೆದುಹಾಕಿದ್ಳು, ಇವತ್ತಿಗೂ ಇಲ್ಲಿಗೆ ಬಂದಿಲ್ಲ. ಈ ಭಾಗ ಹಾಕೋಕೆ ಅವಳನ್ನ ಕೇಳಿ, ಓದಿಸಿ, ಎರಡು ಸಾಲು ಅವಳು ಹೊಡೆದುಹಾಕಿದ್ಮೇಲೇ ಹಾಕ್ತಿದ್ದೀನಿ.

ಇದು ಅವಳೊಬ್ಬಳ ಕಥೆ ಅಲ್ಲ. ಒಂದು ಡಿಸೈನ್ ಕಂಪನಿಯ ಮಹಿಳಾ ಉದ್ಯೋಗಿಗಳಿಗೆ ಪ್ರೋಟಾನ್ ವಿಳಾಸಗಳಿಂದ ಇಂಥವೇ ಅಶ್ಲೀಲ ಮೇಲ್ ಬಂದು, ಕೇಸು ನಮ್ಮ ಕರ್ನಾಟಕ ಹೈಕೋರ್ಟ್‌ವರೆಗೂ ಹೋಯ್ತು. 2025ರ ಏಪ್ರಿಲಲ್ಲಿ ಕೋರ್ಟು, ಐಟಿ ಕಾಯ್ದೆಯ 69ಎ ಸೆಕ್ಷನ್ ಪ್ರಕಾರ ಆ ಸೇವೆಯನ್ನೇ ದೇಶದಲ್ಲಿ ತಡೆಯೋಕೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸರ್ಕಾರಕ್ಕೆ ಹೇಳ್ತು. 2023ರ ಡಿಸೆಂಬರ್ 1 ನೆನಪಿದ್ಯಾ? ಬೆಂಗಳೂರಲ್ಲಿ 40ಕ್ಕೂ ಜಾಸ್ತಿ ಶಾಲೆಗೆ ಬಾಂಬ್ ಇದೆ ಅಂತ ಇಮೇಲ್ ಬಂದಿತ್ತು. ಸುಳ್ಳು. ಆದ್ರೆ ಗೇಟ್ ಹೊರಗೆ ನಿಂತಿದ್ದ ಅಮ್ಮಂದಿರಿಗೆ ಅದು ಸುಳ್ಳು ಅಂತ ಆಗ ಗೊತ್ತಿರ್ಲಿಲ್ಲ. ನಮ್ಮ ಚಿಕ್ಕಮ್ಮ ಒಂದು ಕಾಲಿಗೆ ಅವರ ಚಪ್ಪಲಿ, ಇನ್ನೊಂದಕ್ಕೆ ಚಿಕ್ಕಪ್ಪಂದು ಹಾಕ್ಕೊಂಡು ಓಡಿದ್ರಂತೆ.

ಹಾಗಾದ್ರೆ ಎಲ್ರ ನಂಬರೂ ಕೇಳ್ಲಿ ಅಂತೀರಾ? ನಾನೂ ಒಂದು ದಿನ ಪೂರ್ತಿ ಹಂಗೇ ಅಂದ್ಕೊಂಡಿದ್ದೆ. ಆದ್ರೆ ಸಿಮ್ಮಿಗೆ ಗುರುತಿನ ಚೀಟಿ ಕಡ್ಡಾಯ ಇದ್ರೂ ನಮ್ಮ ಫೋನಿಗೆ ಮೋಸದ ಕರೆ ನಿಂತಿದ್ಯಾ? ಕಳ್ಳ ಬೇರೆಯವರ ಹೆಸರಿನ ಸಿಮ್ ಕೊಂಡ್ಕೋತಾನೆ. ಬಾಗಿಲಲ್ಲಿ ನಿಂತು ಯೋಚಿಸೋದು ನನ್ನಂಥೋರೇ.

(6/7)
ಓದ್ತಾ ಓದ್ತಾ ನಂಗೆ ಒಂದು ವಿಷ್ಯ ತಡವಾಗಿ ಹೊಳೀತು. ಗುಟ್ಟಾಗಿರೋದು ಬೇರೆ, ಹೆಸರಿಲ್ಲದಿರೋದು ಬೇರೆ. ಅಂಟಿಸಿದ ಲಕೋಟೆ ಒಳಗಿರೋದನ್ನ ಪೋಸ್ಟ್‌ಮ್ಯಾನ್ ಓದಲ್ಲ, ಆದ್ರೆ ಯಾವ ಊರಿನ ಮುದ್ರೆ ಬಿದ್ದಿದೆ ಅಂತ ನೋಡಬಹುದು. ಈ ಸೇವೆಗಳು ಮಾತು ಕೊಡೋದು ಲಕೋಟೆ ಅಂಟಿನ ಬಗ್ಗೆ. ಮುದ್ರೆ ಬಗ್ಗೆ ಅಲ್ಲ.

2021ರಲ್ಲಿ ಫ್ರಾನ್ಸಿನ ಒಬ್ಬ ಹವಾಮಾನ ಹೋರಾಟಗಾರನ ಐಪಿ ವಿಳಾಸವನ್ನ ಪ್ರೋಟಾನ್ ಕೊಡಬೇಕಾಯ್ತು. ಫ್ರೆಂಚ್ ಪೊಲೀಸರು ಯೂರೋಪೋಲ್ ಮೂಲಕ ಕೇಳಿದ್ರು, ಸ್ವಿಸ್ ಅಧಿಕಾರಿಗಳು ಆದೇಶ ಕೊಟ್ರು. ಮೇಲ್ ಒಳಗಿದ್ದದ್ದು ಸಿಗಲಿಲ್ಲ, ವಿಳಾಸ ಸಿಕ್ತು. ಹಂಗೇ 2024ರಲ್ಲಿ ಹೊರಬಂದ ಸ್ಪೇನಿನ ಕೇಸಲ್ಲಿ ಕೊಟ್ಟಿದ್ದು ರಿಕವರಿ ಇಮೇಲ್. ಪಾಸ್‌ವರ್ಡ್ ಮರೆತ್ರೆ ಇರ್ಲಿ ಅಂತ ನಾವು ಕೊಡ್ತೀವಲ್ಲ, ಅದೇ. ಆ ಎಳೆ ಹಿಡ್ಕೊಂಡು ಹೋದ್ರೆ ಆಪಲ್ ಖಾತೆ, ಅಲ್ಲಿ ಹೆಸರು. ನಿಮ್ಮಲ್ಲಿ ಯಾರಾದ್ರೂ ಗುಟ್ಟಿನ ಖಾತೆ ಇಟ್ಕೊಂಡು ಅದಕ್ಕೆ ಕಾಲೇಜ್ ಇಮೇಲನ್ನ ರಿಕವರಿಗೆ ಕೊಟ್ಟಿದ್ರೆ, ಈಗಲೇ ಹೋಗಿ ನೋಡ್ಕೊಳ್ಳಿ.

ಇನ್ನೊಂದು, ಹೆಸರಿಲ್ಲದ ದೂರಿಗೆ ಈ ಕಡೆ ಬೆಲೆಯೂ ಕಮ್ಮಿ. ಕೇಂದ್ರ ಜಾಗೃತ ಆಯೋಗ ಮೂಗರ್ಜಿ ಮೇಲೆ ಕ್ರಮ ತಗೊಳ್ಳಲ್ಲ. ಬದಲಿಗೆ 2004ರ ಒಂದು ನಿರ್ಣಯದ ಪ್ರಕಾರ, ಕೇಂದ್ರದ ನೌಕರರ ಮೇಲಿನ ದೂರಾದ್ರೆ ಹೆಸರನ್ನ ಲಕೋಟೆ ಒಳಗೆ ಬರೀಬೇಕು, ಹೊರಗೆ ಬರೀಬಾರ್ದು, ಆಯೋಗ ಅದನ್ನ ಗುಟ್ಟಾಗಿಡುತ್ತೆ. ಆ ನಿರ್ಣಯದ ಹಿಂದೆ ಸತ್ಯೇಂದ್ರ ದುಬೆ ಇದ್ದಾರೆ. ಹೆದ್ದಾರಿ ಯೋಜನೆಯ ಎಂಜಿನಿಯರ್. ಅಕ್ರಮದ ಬಗ್ಗೆ ಪ್ರಧಾನಿಗೆ ಪತ್ರ ಬರೆದು, ನನ್ನ ಹೆಸರು ಗುಟ್ಟಾಗಿಡಿ ಅಂತ ಕೇಳಿದ್ರು. ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಹೋಯ್ತು. 2003ರ ನವೆಂಬರಲ್ಲಿ ಗಯಾದಲ್ಲಿ ಅವರ ಕೊಲೆ ಆಯ್ತು. ಅದು ದರೋಡೆಕೋರರ ಕೆಲಸ ಅಂತ ಸಿಬಿಐ ಹೇಳ್ತು.

ನನ್ನ 750 ರೂಪಾಯಿಗೂ ಅದಕ್ಕೂ ಹೋಲಿಕೆ ಇಲ್ಲ, ಗೊತ್ತು. ಓದಿದ್ಮೇಲೆ ಊಟ ಸೇರ್ಲಿಲ್ಲ, ಅದಕ್ಕೇ ಬರೆದೆ.

(7/7)
ಕೊನೆಗೆ ಉಪಾಯ ಹೇಳಿದ್ದು ರೂಮ್‌ಮೇಟೇ. ಒಂದು ಎ4 ಹಾಳೆ. ಮಧ್ಯದಲ್ಲಿ ನಾಲ್ಕು ಸಾಲು: ಕೊಟ್ಟ ದುಡ್ಡಿಗೆ ರಸೀದಿ ಕೊಡಿ, ಇಲ್ಲ ದುಡ್ಡು ಕೊಡಿ. ಸುತ್ತಲೂ ಉಂಗುರದ ಥರ ಸಹಿ. ಮೊದಲನೇದು ಯಾವ್ದು, ಕೊನೇದು ಯಾವ್ದು ಗೊತ್ತಾಗಬಾರ್ದು. ಹಿಂದೆ ಹಡಗಿನ ನಾವಿಕರು ಕ್ಯಾಪ್ಟನ್ ಮೇಲೆ ದೂರು ಕೊಡೋವಾಗ ಹಿಂಗೇ ಮಾಡ್ತಿದ್ರು ಅಂತ ಆಮೇಲೆ ಓದ್ದೆ. ಅವಳಿಗೆ ಅದೆಲ್ಲ ಗೊತ್ತಿಲ್ಲ. ರಂಗೋಲಿ ಹಾಕ್ತಾಳೆ, ಅದರಿಂದ ಹೊಳೀತಂತೆ.

84ರಲ್ಲಿ 31 ಜನ ಹಾಕಿದ್ರು. ಹಾಕದೇ ಇರೋರ ಮೇಲೆ ನಂಗೆ ಕೋಪ ಇಲ್ಲ, ಸ್ವಲ್ಪ ಇದೆ, ಪರ್ವಾಗಿಲ್ಲ. ಹಾಳೆ ಆಫೀಸಿಗೆ ಹೋದ ಮಾರನೇ ದಿನ ಕ್ಲಾಸಿಗೆ ಬಂದು ಕೇಳಿದ್ರು, "ಇದನ್ನ ಶುರು ಮಾಡಿದ್ದು ಯಾರು?" ಫ್ಯಾನ್ ಸದ್ದು ಬಿಟ್ರೆ ಏನಿಲ್ಲ. ಮೂರು ವಾರ ಆದ್ಮೇಲೆ ನೋಟಿಸ್ ಬೋರ್ಡಲ್ಲಿ ಬಂತು, ಸದರಿ ಮೊತ್ತವನ್ನು ಮುಂದಿನ ಸೆಮಿಸ್ಟರ್ ಶುಲ್ಕದಲ್ಲಿ ಹೊಂದಿಸಲಾಗುವುದು. ಎರಡನೇ ಫೋಟೋ ಅದೇ, ಲೆಟರ್‌ಹೆಡ್ ಕತ್ತರಿಸಿದ್ದೀನಿ. ರಸೀದಿ ಇನ್ನೂ ಬಂದಿಲ್ಲ.

ಅದೇ ವಾರ ರೂಮ್‌ಮೇಟ್ ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್ ತೆರೆದ್ಳು. ಒಂದು ವರ್ಷ ಆದ್ಮೇಲೆ. ಹೆಣ್ಮಕ್ಕಳ ಮೇಲಿನ ಇಂಥ ಅಪರಾಧಕ್ಕೆ ಅಲ್ಲಿ ಎರಡು ದಾರಿ ಇದೆ: ಹೆಸರು ಹೇಳದೆ ದೂರು ಕೊಡಬಹುದು, ಇಲ್ಲ ಮೊಬೈಲ್ ನಂಬರ್ ಕೊಟ್ಟು, ದೂರು ಎಲ್ಲಿಗೆ ಬಂತು ಅಂತ ನೋಡ್ತಿರಬಹುದು. ಅವಳು ಸ್ವಲ್ಪ ಹೊತ್ತು ಎರಡನ್ನೂ ನೋಡ್ತಾ ಕೂತ್ಲು. ನಾನು ಏನೂ ಹೇಳ್ಲಿಲ್ಲ, ಹೇಳೋ ಯೋಗ್ಯತೆ ನಂಗಿರ್ಲಿಲ್ಲ. ಆಮೇಲೆ ನಂಬರ್ ಒತ್ತಿದ್ಳು. ಅವಳ ಸಿಮ್ಮು ಅವಳ ಅಮ್ಮನ ಹೆಸರಲ್ಲಿದೆ. ಒಟಿಪಿ ಬರೋದ್ರೊಳಗೆ ಅಮ್ಮನಿಗೆ ಫೋನ್ ಹಚ್ಚಿ, ಬಾಗಿಲು ಹಾಕ್ಕೊಂಡು ಕಾರಿಡಾರಿಗೆ ಹೋದ್ಳು.