ಮಿಕ್ಕಿದ ಎರಡು ಸ್ಕ್ರೂಗಳು

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂಬ ಮಾತು ನಮ್ಮ ಮನೆಯಲ್ಲಿ ನನಗಾಗಿಯೇ ಮೀಸಲು. ಮಿಕ್ಸಿ ಕೈಕೊಟ್ಟರೆ, ಇಸ್ತ್ರಿಪೆಟ್ಟಿಗೆಯ ವೈರು ಸುಟ್ಟರೆ, ಗೋಡೆ ಗಡಿಯಾರ ನಿಂತರೆ, ಅಂಗಡಿಗೆ ಒಯ್ಯುವ ಮೊದಲು ಒಮ್ಮೆ ಬಿಚ್ಚಿ ನೋಡದಿದ್ದರೆ ನನಗೆ ಊಟ ಸೇರುವುದಿಲ್ಲ. ಈ ಚಟ ಹತ್ತಿದ್ದು ಹೈಸ್ಕೂಲಿನ ದಿನಗಳಲ್ಲಿ. ನಮ್ಮ ತಂದೆಯವರ ವಾಲ್ವ್ ರೇಡಿಯೊ ಒಂದು ಸಂಜೆ ಇದ್ದಕ್ಕಿದ್ದಂತೆ ಮೂಕವಾಯಿತು. ಹಿಂದಿನ ರಟ್ಟು ತೆಗೆದು ನೋಡಿದರೆ ಒಂದು ವಾಲ್ವ್ ಮಾತ್ರ ಬೆಳಗುತ್ತಿರಲಿಲ್ಲ. ಪ್ಲಗ್ ಕಿತ್ತು, ಅದು ತಣ್ಣಗಾದ ಮೇಲೆ ಹೊರಗೆಳೆದು, ಕಾಲುಗಳನ್ನು ಒರೆಸಿ ಮತ್ತೆ ಕೂರಿಸಿದೆ. ರೇಡಿಯೊ ಮಾತಾಡಿತು. ತಂದೆಯವರು ಆ ವಾರವಿಡೀ ಬಂದವರಿಗೆಲ್ಲ ‘ನಮ್ಮ ಹುಡುಗ ರಿಪೇರಿ ಮಾಡಿದ’ ಎಂದು ಹೇಳಿಕೊಂಡು ತಿರುಗಿದರು. ಆ ಹೊಗಳಿಕೆಯೇ ಇಷ್ಟು ವರ್ಷಗಳ ನಂತರ ನನ್ನನ್ನು ಹಳ್ಳಕ್ಕೆ ಕೆಡವಿತು.

ಮಗಳು ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದಾಗಿನ ಮಾತು. ಅವಳ ಲ್ಯಾಪ್‌ಟಾಪಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತಿತ್ತು, ತೊಡೆಯ ಮೇಲಿಟ್ಟುಕೊಂಡರೆ ಬಿಸಿ ದೋಸೆಹಂಚು. ಒಂದು ಶನಿವಾರ ಮಧ್ಯಾಹ್ನ ಅವಳು ಗೆಳತಿಯ ಮನೆಗೆ ಹೋಗಿದ್ದಳು. ಬರುವಷ್ಟರಲ್ಲಿ ಧೂಳು ಕೊಡವಿ ಇಟ್ಟರೆ ಎಷ್ಟು ಖುಷಿಪಟ್ಟಾಳು ಎಂದುಕೊಂಡು ಕನ್ನಡಕ ಏರಿಸಿ ಕುಳಿತೆ. ತಳದ ಮುಚ್ಚಳ ಸಲೀಸಾಗಿ ಬಂತು. ಫ್ಯಾನಿನ ಪಕ್ಕದ ಜಾಲರಿಗೆ ಧೂಳು ಹಳೆಯ ಕಂಬಳಿಯ ತುಂಡಿನ ಹಾಗೆ ಮೆತ್ತಿಕೊಂಡಿತ್ತು. ಅದನ್ನು ತೆಗೆಯಲು ಒಂದು ಚಪ್ಪಟೆ ಕೇಬಲ್ ಅಡ್ಡ ಬಂತು. ಅದನ್ನೂ ಕಿತ್ತೆ. ಬ್ರಷ್ಷಿನಿಂದ ಗುಡಿಸಿ, ಕೇಬಲನ್ನು ಮತ್ತೆ ಒತ್ತಿ, ಮುಚ್ಚಳ ಹಾಕಿದೆ. ಎರಡು ಸ್ಕ್ರೂ ಮಿಕ್ಕವು. ರಿಪೇರಿ ಮಾಡುವವರ ಕೈಯಲ್ಲಿ ಸ್ಕ್ರೂ ಮಿಗುವುದು ಹೊಸದೇನಲ್ಲವಾದ್ದರಿಂದ ಅವನ್ನು ಬೆಂಕಿಪೊಟ್ಟಣಕ್ಕೆ ಹಾಕಿಟ್ಟು ಬಟನ್ ಒತ್ತಿದೆ.

ದೀಪ ಹತ್ತಿತು. ಫ್ಯಾನು ಈಗ ಸದ್ದಿಲ್ಲದೆ ತಿರುಗಿತು. ಪರದೆ ಮಾತ್ರ ಅಮಾವಾಸ್ಯೆ.

ಸಂಜೆ ಮಗಳು ಬಂದಳು. ಸೋಮವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ಪ್ರಾಜೆಕ್ಟ್ ವರದಿ ಕಳಿಸಬೇಕಿತ್ತು. ಎಂಬತ್ತು ಪುಟ, ಎಲ್ಲವೂ ಅದರೊಳಗೇ. (ಪೆನ್‌ಡ್ರೈವಿಗೆ ಹಾಕಿಕೊಂಡಿರಲಿಲ್ಲವೇ ಎಂದು ಕೇಳುವ ನೈತಿಕ ಅಧಿಕಾರ ನನಗಿರಲಿಲ್ಲ.) ಪರದೆ ನೋಡಿ ಅವಳ ಮುಖ ಸಣ್ಣದಾಯಿತು.

“ಅಪ್ಪಾ, ನೀವೇನಾದ್ರೂ ಮಾಡಿದ್ರಾ?”

“ಇಲ್ಲಮ್ಮ. ಮೇಲಿನ ಧೂಳು ಒರೆಸ್ದೆ ಅಷ್ಟೇ.”

ಇದನ್ನು ಏಕೆ ಹೇಳಿದೆನೋ ಇವತ್ತಿಗೂ ನನಗೆ ತಿಳಿಯದು. ಸುಳ್ಳು ಹೇಳಿದರೆ ಮಕ್ಕಳ ಚರ್ಮ ಸುಲಿಯುತ್ತಿದ್ದ ಅಪ್ಪ ನಾನು.

ಆ ಸುಳ್ಳಿನ ಪರಿಣಾಮ ನೋಡಿ. ಕ್ಯಾಪ್ಸ್ ಲಾಕ್ ಕೀಲಿ ಒತ್ತಿದರೆ ಅದರ ಪುಟ್ಟ ದೀಪ ಹತ್ತಿ ಆರುತ್ತಿತ್ತು. ಎಂದರೆ ಯಂತ್ರದ ಜೀವ ಹೋಗಿಲ್ಲ, ಒಳಗೆ ಎಲ್ಲ ನಡೆಯುತ್ತಿದೆ ಎಂದು ಅವಳು ಸರಿಯಾಗಿಯೇ ಊಹಿಸಿದಳು. ಆದರೆ ಯಾರೂ ಮುಚ್ಚಳ ತೆಗೆದಿಲ್ಲ ಎಂದು ನಂಬಿದ್ದರಿಂದ ದೋಷ ವಿಂಡೋಸಿನದೇ ಇರಬೇಕೆಂಬ ತೀರ್ಮಾನಕ್ಕೆ ಬಂದಳು. ಹೊಸ ಅಪ್‌ಡೇಟ್ ಏನೋ ಎಡವಟ್ಟು ಮಾಡಿದೆ ಎಂದು ಮೂರು ಗಂಟೆ ಕಾಲ ಏನೇನೋ ಕೀಲಿಗಳನ್ನು ಒತ್ತಿದಳು, ಆರಿಸಿದಳು, ಹತ್ತಿಸಿದಳು. ನಾನು ದಿನಪತ್ರಿಕೆ ಹಿಡಿದು ಒಂದೇ ಪುಟವನ್ನು ಓದುತ್ತ ಕುಳಿತಿದ್ದೆ. ರಾತ್ರಿ ಹತ್ತಕ್ಕೆ ಸಹಪಾಠಿಯೊಬ್ಬನಿಗೆ ಫೋನು ಮಾಡಿದಳು. ಬೆಳಿಗ್ಗೆ ತಾ, ಫಾರ್ಮ್ಯಾಟ್ ಮಾಡಿಬಿಡೋಣ, ಎಲ್ಲ ಸರಿಹೋಗುತ್ತೆ ಎಂದನಂತೆ. ಎಲ್ಲ ಸರಿಹೋಗುತ್ತದೆ, ವರದಿಯೊಂದು ಅಳಿಸಿಹೋಗುತ್ತದೆ.

“ಹೋದ್ರೆ ಹೋಗ್ಲಿ ಬಿಡಿ. ಬೇರೆಯವರ ಲ್ಯಾಪ್‌ಟಾಪ್ ಈಸ್ಕೊಂಡು ಕೂತು ಮತ್ತೆ ಟೈಪ್ ಮಾಡ್ತೀನಿ” ಎಂದು ತಾಯಿಗೆ ಹೇಳುತ್ತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಇನ್ನಷ್ಟು ಹೊತ್ತು ಸಹಿಸಿಕೊಳ್ಳುತ್ತಿದ್ದೆನೋ ಏನೋ.

ಎದ್ದು ಹೋಗಿ ಬೆಂಕಿಪೊಟ್ಟಣವನ್ನು ಅವಳ ಮುಂದಿಟ್ಟೆ.

ಅವಳು ಸ್ಕ್ರೂಗಳನ್ನು ನೋಡಿದಳು. ನನ್ನನ್ನು ನೋಡಲಿಲ್ಲ. ಆಮೇಲೆ ಶುರುವಾಯಿತು, ಡಾಕ್ಟರು ರೋಗಿಯನ್ನು ಕೇಳುವಂಥ ದನಿಯಲ್ಲಿ: ಯಾವ ಕೇಬಲ್ ಕಿತ್ತಿರಿ? ಅಗಲವಾಗಿತ್ತೋ ಸಣ್ಣದೋ? ಬ್ಯಾಟರಿಯ ಪ್ಲಗ್ ಮೊದಲು ತೆಗೆದಿರಾ? ತೆಗೆದಿರಲಿಲ್ಲ. ಬಟನ್ ಒತ್ತಿ ಆರಿಸಿದ ಮೇಲೂ ಒಳಗಿನ ಬ್ಯಾಟರಿಯಿಂದ ಕೆಲವು ತಂತಿಗಳಲ್ಲಿ ವಿದ್ಯುತ್ತು ಇದ್ದೇ ಇರುತ್ತದೆಂಬ ವಿಚಾರ ರೇಡಿಯೊ ಕಾಲದ ನನ್ನ ತಲೆಗೆ ಹೊಳೆದಿರಲಿಲ್ಲ. ಗೋಡೆಯ ಪ್ಲಗ್ ಕಿತ್ತರೆ ಮುಗಿಯಿತು ಎಂದು ನಾನು ಕಲಿತವನು.

ಮೂರು ಗಂಟೆಯಲ್ಲಿ ಆಗದ್ದು ಹತ್ತು ನಿಮಿಷದಲ್ಲಿ ಆಯಿತು. ಎಚ್‌ಡಿಎಂಐ ಕೇಬಲಿನಿಂದ ಲ್ಯಾಪ್‌ಟಾಪನ್ನು ನಡುಮನೆಯ ಟಿ.ವಿ.ಗೆ ಜೋಡಿಸಿದಳು. ಟಿ.ವಿ.ಯ ಮೇಲೆ ಅವಳ ಎಂಬತ್ತು ಪುಟದ ವರದಿ ಗೋಡೆಯಷ್ಟಗಲ ತೆರೆದುಕೊಂಡಿತು. ಚಿತ್ರ ಹೊರಗಿನ ಪರದೆಗೆ ಬರುತ್ತದೆ ಎಂದಾದರೆ ವಿಂಡೋಸಿನ ತಪ್ಪೂ ಇಲ್ಲ, ಮೆಮೊರಿಯ ತಪ್ಪೂ ಇಲ್ಲ. ಕೆಟ್ಟಿರುವುದು ಬೋರ್ಡಿನಿಂದ ಪರದೆಗೆ ಹೋಗುವ ದಾರಿ. ಮೊದಲು ವರದಿಯನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡಳು. ಆಮೇಲೆ ಯಂತ್ರ ಆರಿಸಿ, ಚಾರ್ಜರ್ ಕಿತ್ತು, ತಳ ಬಿಚ್ಚಿ, ಬ್ಯಾಟರಿಯ ಪ್ಲಗ್ ತೆಗೆದು, ಉಳಿದ ವಿದ್ಯುತ್ತು ಇಳಿಯಲೆಂದು ಪವರ್ ಬಟನ್ ಅನ್ನು ಮೂವತ್ತು ಸೆಕೆಂಡು ಒತ್ತಿ ಹಿಡಿದಳು. ನಾನು ಒತ್ತಿ ಕೂರಿಸಿದ್ದ ಕೇಬಲಿನ ಒಂದು ಮೂಲೆ ಕೂದಲೆಳೆಯಷ್ಟು ಮೇಲೆದ್ದಿತ್ತು. ನೇರ ಮಾಡಿ ಕೂರಿಸಿದಳು. ಬ್ಯಾಟರಿ ಜೋಡಿಸಿ ಮತ್ತೆ ಹತ್ತಿಸಿದಳು. ಮತ್ತೆ ಕತ್ತಲೆ.

“ಟಾರ್ಚ್ ಕೊಡಿ” ಎಂದಳು. ಹತ್ತಿರುವ ಪರದೆಗೇಕೆ ಟಾರ್ಚ್ ಎಂದುಕೊಂಡೆ. ಬೆಳಕನ್ನು ಓರೆಯಾಗಿ ಬಿಟ್ಟಾಗ, ಕೊಳದ ತಳದಲ್ಲಿ ಬಿದ್ದ ಪತ್ರಿಕೆಯ ಹಾಗೆ, ಕಪ್ಪು ಗಾಜಿನೊಳಗೆ ಅಕ್ಷರಗಳು ಮಸುಕಾಗಿ ಕಂಡವು. ಸಂಜೆಯೇ ಟಾರ್ಚ್ ಬಿಟ್ಟಿದ್ದರೆ ಏನೂ ಕಾಣುತ್ತಿರಲಿಲ್ಲ, ಕೇಬಲ್ ಸರಿ ಕೂತಿರಲಿಲ್ಲವಲ್ಲ. ಈಗ ಚಿತ್ರ ಬಂದಿದೆ, ಚಿತ್ರದ ಹಿಂದಿನ ದೀಪ ಸತ್ತಿದೆ. ನನ್ನ ರೇಡಿಯೊದಲ್ಲಿ ವಾಲ್ವಿನ ಬೆಳಕು ತಾನಾಗಿ ಬರುತ್ತಿತ್ತು. ಈ ಪರದೆಗೆ ಚಿತ್ರವೇ ಬೇರೆ, ಬೆಳಕೇ ಬೇರೆ. ಚಿತ್ರದ ಭಾಗಕ್ಕೆ 3.3 ವೋಲ್ಟ್ ಸಾಕು. ಹಿಂಬದಿಯ ಎಲ್‌ಇಡಿ ದೀಪಗಳಿಗೆ ಅದೇ ಕೇಬಲಿನಲ್ಲಿ ಅದಕ್ಕಿಂತ ಬಹಳ ಹೆಚ್ಚಿನ ವೋಲ್ಟೇಜ್ ಹರಿಯುತ್ತದೆ. ಪಿನ್ನುಗಳ ನಡುವಿನ ಅಂತರ ಅರ್ಧ ಮಿಲಿಮೀಟರ್ ಇದ್ದರೆ ಹೆಚ್ಚು. ಕೇಬಲ್ ಓರೆಯಾಗಿ ಕೂತರೆ ಒಂದರ ವಿದ್ಯುತ್ತು ಇನ್ನೊಂದಕ್ಕೆ ತಾಗುತ್ತದೆ. ಅದೃಷ್ಟವಿದ್ದರೆ ಒಂದು ಫ್ಯೂಸ್ ಹೋಗುತ್ತದೆ, ಇಲ್ಲದಿದ್ದರೆ ಬೋರ್ಡು.

ಭಾನುವಾರವಿಡೀ ನಡುಮನೆಯ ಟಿ.ವಿ. ಮಗಳ ವಶವಾಯಿತು. ಉಲ್ಲೇಖಗಳ ಪಟ್ಟಿಯನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ಓದಿದ ಅಪ್ಪ ಹಾಸನದಲ್ಲಿ ನಾನೊಬ್ಬನೇ ಇರಬೇಕು. ಅವಳು ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದಳು. ಕಾಫಿ ಮಾಡಿಕೊಟ್ಟರೆ “ಅಲ್ಲಿಡಿ” ಎಂದಳು. ಲ್ಯಾಪ್‌ಟಾಪ್ ಕೆಟ್ಟಿದ್ದಕ್ಕೆ ಸಿಟ್ಟಿರಲಿಲ್ಲ ಅವಳಿಗೆ. ಅದು ನನಗೂ ಗೊತ್ತಿತ್ತು. ಸೋಮವಾರ ಒಂಬತ್ತೂವರೆಗೆ ವರದಿ ಹೋಯಿತು.

ಮಧ್ಯಾಹ್ನ ಇಬ್ಬರೂ ರಿಪೇರಿ ಅಂಗಡಿಗೆ ಹೋದೆವು. ಮುಚ್ಚಳ ತೆಗೆಯುವ ಮೊದಲೇ ಆ ಹುಡುಗ ಕೇಳಿದ: “ಯಾರು ಸಾರ್ ಓಪನ್ ಮಾಡಿದ್ದು?”

ಅಂಗಡಿಗೆ ಬಂದವರೆಲ್ಲ ‘ಯಾರೂ ಮುಟ್ಟಿಲ್ಲ’ ಎಂದೇ ಹೇಳುತ್ತಾರಂತೆ, ಅವನು ಅರ್ಧ ದಿನ ಬೇಡದ ಕಡೆ ಹುಡುಕುತ್ತಾನಂತೆ.

“ನಾನೇ ಕಣಪ್ಪ” ಎಂದೆ. “ಕೇಬಲ್ ಕಿತ್ತು ಓರೆ ಕೂರಿಸಿದ್ದೆ. ಬ್ಯಾಟರಿ ತೆಗೆದಿರಲಿಲ್ಲ.”

ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಸಾಸಿವೆಗಿಂತ ಚಿಕ್ಕದಾದ ಒಂದು ಚೂರಿನ ಎರಡು ತುದಿಗೆ ಹಿಡಿದ. ಮೀಟರು ಕುಂಯ್ ಎನ್ನಲಿಲ್ಲ. ಫ್ಯೂಸ್ ಹೋಗಿತ್ತು. ಆದರೂ ಕೂಡಲೇ ಹೊಸದು ಹಾಕಲಿಲ್ಲ. ಮುಂದೆ ಎಲ್ಲಾದರೂ ಶಾರ್ಟ್ ಉಳಿದಿದ್ದರೆ ಹೊಸದೂ ಸುಡುತ್ತದೆ ಎಂದು ಅದನ್ನೂ ಅಳೆದ. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಬೆಸುಗೆ ಹಾಕಿದ. ಬಟನ್ ಒತ್ತಿದಾಗ ಪರದೆ ಬೆಳಗಿತು. ಆರು ನೂರು ರೂಪಾಯಿ ತೆಗೆದುಕೊಂಡ.

ಮುಚ್ಚಳ ಹಾಕುವಾಗ ನಾನು ಬೆಂಕಿಪೊಟ್ಟಣ ಕೊಟ್ಟೆ. ಒಂದು ಸ್ಕ್ರೂ ಹಾಕಿ, ಇನ್ನೊಂದನ್ನು ಬೆರಳ ತುದಿಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದ.

“ಇದು ಲ್ಯಾಪ್‌ಟಾಪ್‌ದಲ್ಲ ಸಾರ್. ಮನೇಲಿ ಮಿಕ್ಸಿ ಏನಾದ್ರೂ ಬಿಚ್ಚಿದ್ರಾ?”

ಮಗಳು ಬೀದಿಯ ಕಡೆ ಮುಖ ತಿರುಗಿಸಿಕೊಂಡಳು. ಭುಜ ಅಲುಗುತ್ತಿತ್ತು. ಎರಡು ದಿನದ ಮೇಲೆ ಅವಳು ನಕ್ಕಿದ್ದು ಆಗಲೇ.