ಗೌರಿಹೂವಿನ ಮಡಿ

ಜೂನ್ ತಿಂಗಳ ನಡುವೆ ನಮ್ಮ ಶಾಲೆಗಳು ತೆರೆಯುವ ಹೊತ್ತಿಗೆ ಗಡಹಿಂಗ್ಲಜ ಸೀಮೆಯಲ್ಲಿ ಮಿರಗದ ಮಳೆ ನೆಲವನ್ನು ಹದಗೊಳಿಸಿರುತ್ತದೆ. ರೈತರು ಶೇಂಗಾ, ಸೋಯಾಬೀನುಗಳ ಬಿತ್ತನೆಯಲ್ಲಿ ತೊಡಗಿರುವಾಗ ನಾವು ನಾಲ್ಕನೆಯ ತರಗತಿಯ ಮಕ್ಕಳನ್ನು ಕೂಡಿಕೊಂಡು ಗೌರಿಹೂವಿನ ಬೀಜ ಊರುತ್ತೇವೆ. ನಮ್ಮ ಹೊಲವೆಂದರೆ ಶಾಲೆಯ ಅಂಗಳದಲ್ಲಿ 12 ಅಡಿ ಉದ್ದ, 3 ಅಡಿ ಅಗಲದ ಒಂದೇ ಮಡಿ. ಅದರ ಫಸಲನ್ನು ಸಂತೆಗೆ ಒಯ್ಯುವವರಿಲ್ಲ. ಆದರೂ ಭಾದ್ರಪದ ಬಂತೆಂದರೆ ಅದನ್ನು ಕೇಳಿಕೊಂಡು ಶಾಲೆಯ ಬಾಗಿಲಿಗೆ ಬರುವವರು ಕಡಿಮೆಯಲ್ಲ.

ಈ ಹೂವಿಗೆ ಹೆಸರುಗಳು ಹಲವು. ಮನೆಯ ಕನ್ನಡದಲ್ಲಿ ಗೌರಿಹೂ, ಪುಸ್ತಕದ ಕನ್ನಡದಲ್ಲಿ ಕರ್ಣಕುಂಡಲ, ಪೇಟೆಯ ಮರಾಠಿಯಲ್ಲಿ ತೇರಡಾ. ನಮ್ಮ ಮಕ್ಕಳಿಗೆ ಮೊದಲನೆಯದೂ ಕೊನೆಯದೂ ಒಂದೇ ಉಸಿರಿನಲ್ಲಿ ಬರುತ್ತವೆ. ನಡುವಿನದನ್ನು ಮಾತ್ರ ನಾವು ಕಲಿಸಬೇಕು. ತೆಳುವಾದ ತೊಟ್ಟಿಗೆ ಕಿವಿಯೋಲೆಯಂತೆ ಜೋತಾಡುವ ಹೂವನ್ನು ಒಮ್ಮೆ ತೋರಿಸಿದರೆ ಆ ಹೆಸರನ್ನು ಅವರು ಮತ್ತೆ ಮರೆಯುವುದಿಲ್ಲ. ಲಿನಿಯಸ್ ಪಂಡಿತರು 1753ರ ತಮ್ಮ ಗ್ರಂಥದಲ್ಲಿ ಇದನ್ನು ಇಂಪೇಶಿಯನ್ಸ್ ಬಾಲ್ಸಮಿನಾ ಎಂದು ಕರೆದರು. ಮೊದಲ ಪದಕ್ಕೆ ಲ್ಯಾಟಿನ್ ಭಾಷೆಯಲ್ಲಿ ‘ತಾಳ್ಮೆಯಿಲ್ಲದ್ದು’ ಎಂದರ್ಥ. ಹಾಗೇಕೆ ಎಂಬುದು ಕಾಯಿ ಬಲಿತ ಮೇಲೆ ತಿಳಿಯುತ್ತದೆ.

ಚೆಂಡುಹೂವೂ ಜಿನಿಯಾವೂ ಮೆಕ್ಸಿಕೋ ದೇಶದ ಕಡೆಯಿಂದ ನಮ್ಮಲ್ಲಿಗೆ ಬಂದವು. ಗೌರಿಹೂ ಹಾಗಲ್ಲ, ಭರತಖಂಡದ್ದೇ ಗಿಡ. ನಮ್ಮ ಹಿರಣ್ಯಕೇಶಿ ಹುಟ್ಟುವ ಆಂಬೋಲಿಯ ಘಟ್ಟದಲ್ಲಿ ಮಳೆಗಾಲವೆಲ್ಲ ಇದರ ಕಾಡುಬಂಧುಗಳನ್ನು ಕಾಣಬಹುದು. ಸಾತಾರೆಯ ಬಳಿಯ ಕಾಸ ಪಠಾರಕ್ಕೆ ಜನ ಮುಗಿಬಿದ್ದು ಹೋಗುವುದೂ ಇದೇ ವಂಶದ ಹೂಗಳು ಹಾಸುವ ಗುಲಾಬಿ ಬಣ್ಣದ ಹಾಸನ್ನು ನೋಡಲಿಕ್ಕೆ.

ಬೆಳೆಸುವುದು ಕಷ್ಟವಲ್ಲ, ಆದರೆ ನೀರಿನ ವಿಷಯದಲ್ಲಿ ಈ ಗಿಡ ಬಹಳ ಸೂಕ್ಷ್ಮ. ಇದರ ಕಾಂಡದಲ್ಲಿ ನಾರಿಗಿಂತ ನೀರೇ ಹೆಚ್ಚು. ಎರಡು ದಿನ ಮಳೆ ಹಿಂಜರಿದು ಬಿಸಿಲು ಕಾದರೆ ಮಧ್ಯಾಹ್ನಕ್ಕೆ ಎಲೆಗಳೆಲ್ಲ ಜೋತುಬೀಳುತ್ತವೆ. ಮಕ್ಕಳು ಸತ್ತೇಹೋಯಿತೆಂದು ಗಾಬರಿಗೊಂಡು ಓಡಿಬರುತ್ತಾರೆ. ಒಂದು ತಂಬಿಗೆ ನೀರು ಹಾಕಿದರೆ ಶಾಲೆ ಬಿಡುವಷ್ಟರಲ್ಲಿ ಗಿಡ ತಲೆಯೆತ್ತಿರುತ್ತದೆ. ಇದಕ್ಕೆ ವಿರುದ್ಧವಾಗಿ ಬುಡದಲ್ಲಿ ನೀರು ನಿಂತಿತೋ, ಕಾಂಡ ಕೊಳೆತು ಒಂದೇ ರಾತ್ರಿಯಲ್ಲಿ ನೆಲ ಹಿಡಿಯುತ್ತದೆ. ಆದ್ದರಿಂದ ಮಡಿಯನ್ನು ಒಂದು ಗೇಣು ಎತ್ತರಿಸಿ, ಕಳಿತ ಸಗಣಿಗೊಬ್ಬರವನ್ನೂ ಹೊಳೆಯ ಮರಳನ್ನೂ ಬೆರೆಸಿ, ನೀರು ಹರಿದುಹೋಗುವಂತೆ ಸುತ್ತಲೂ ಕಾಲುವೆ ತೆಗೆಯಬೇಕು. ಬೀಜದ ಮೇಲೆ ಮಣ್ಣು ತೆಳುವಾಗಿ ಉದುರಿಸಿದರೆ ಸಾಕು. ಸಸಿ ನಾಲ್ಕೆಲೆಯಾದಾಗ ಅಡಿಗೊಂದರಂತೆ ಉಳಿಸಿ, ಮಿಕ್ಕವನ್ನು ಕಿತ್ತು ಬೇರೆಡೆ ನೆಡಬೇಕು. ತುದಿ ಚಿವುಟಿದರೆ ಗಿಡ ಪೊದೆಯಾಗುವುದೆಂದು ಕೆಲವರು ಹೇಳುತ್ತಾರೆ. ನಮಗದು ಒಪ್ಪಿಗೆಯಿಲ್ಲ. ನಟ್ಟನೆ ನಿಂತ ಕಾಂಡದುದ್ದಕ್ಕೂ ಎಲೆಯ ಕಂಕುಳಲ್ಲಿ ಹೂ ಹತ್ತುವುದೇ ಇದರ ಚೆಲುವು. ಬಾಲದ ಮೇಲೆ ಕೊಂಬು, ಮೈಮೇಲೆ ಕಣ್ಣಿನಂಥ ಚುಕ್ಕೆಗಳುಳ್ಳ ಕಪ್ಪು ಹುಳುವೊಂದು ಎಲೆ ತಿನ್ನಲು ಬರುತ್ತದೆ. ನೋಡಲು ಭಯಂಕರ, ಕಚ್ಚುವುದಿಲ್ಲ. ಅದನ್ನು ಕಡ್ಡಿಯಿಂದ ಎತ್ತಿ ಬೇಲಿಯಾಚೆ ಬಿಡುವ ಗೌರವ ತರಗತಿಯ ಧೀರನೊಬ್ಬನಿಗೆ ಸಲ್ಲುತ್ತದೆ.

ಆಗಸ್ಟ್ ಬರುವ ಹೊತ್ತಿಗೆ ಕೆಂಪು, ಬಿಳಿ, ನೇರಳೆ, ಗುಲಾಬಿಗಳು ತೆರೆಯುತ್ತವೆ. ‘ತೇರಡ್ಯಾಚಾ ರಂಗ್ ತೀನ್ ದಿವಸ್’ ಎಂದು ಮರಾಠಿಯಲ್ಲಿ ಗಾದೆಯುಂಟು. ತೇರಡೆಯ ಬಣ್ಣ ಮೂರೇ ದಿನದ್ದು ಎಂದು ಅದರ ಭಾವ. ಒಂದು ಹೂವಿನ ಮಟ್ಟಿಗೆ ಅದು ನಿಜವಿದ್ದೀತು, ಗಿಡದ ಮಟ್ಟಿಗೆ ಅನ್ಯಾಯದ ಮಾತು. ಕೆಳಗಿನ ಹೂ ಉದುರುತ್ತಿದ್ದಂತೆ ಮೇಲಿನದು ಅರಳುತ್ತ ವಾರಗಟ್ಟಲೆ ಅದು ನಡೆಯುತ್ತದೆ. ಮೂರು ದಿನದವಳು ಗೌರಿ. ಅನುರಾಧಾ ನಕ್ಷತ್ರದಲ್ಲಿ ಬಂದು, ಜ್ಯೇಷ್ಠಾದಲ್ಲಿ ಪೂಜೆಗೊಂಡು, ಮೂಲಾದಲ್ಲಿ ಹೊರಡುವವಳು. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಈ ಗಿಡವೇ ಗೌರಿ. ನಾವು ಹೂವನ್ನಷ್ಟೇ ಬಿಡಿಸಿಕೊಡಲು ಹೋದಾಗ ಅಜ್ಜಿಯೊಬ್ಬರು ತಡೆದರು: “ಗುರುಗಳ, ಹೂವಷ್ಟ ನಡಿಯಂಗಿಲ್ರಿ. ಬೇರಸಹಿತ ಬೇಕ್ರಿ. ಬೇರಂದ್ರ ಗೌರವ್ವನ ಪಾದರೀ.”

ಬೇರುಸಹಿತ ಕೊಟ್ಟರೆ ಬೀಜವಿಲ್ಲ. ಹಬ್ಬದ ಹೊತ್ತಿಗೆ ಕಾಯಿ ಇನ್ನೂ ಎಳಸು. ಕೊಡದಿದ್ದರೆ ಶಾಲೆಗೆ ಮಕ್ಕಳನ್ನು ಕಳಿಸುವ ತಾಯಂದಿರು ಬರಿಗೈಯಲ್ಲಿ ಮರಳಬೇಕು. ಈಗ ನಾವು ಮಡಿಯ ನಡುವೆ ಹಗ್ಗ ಕಟ್ಟುತ್ತೇವೆ. ಮೂಡಣ ಭಾಗ ಗೌರಿಗೆ, ಪಡುವಣ ಭಾಗ ಬೀಜಕ್ಕೆ. ಹಗ್ಗ ದಾಟಿ ಒಂದು ಗಿಡವನ್ನೂ ಯಾರಿಗೂ ಕೀಳಗೊಡುವುದಿಲ್ಲ. ಕಟುವೆನಿಸಿದರೂ ಈ ನಿಯಮಕ್ಕೆ ಕಾರಣವುಂಟು. 2019ರ ಆಗಸ್ಟಿನಲ್ಲಿ ಹಿರಣ್ಯಕೇಶಿ ಉಕ್ಕಿದಾಗ ನಮ್ಮ ಮಡಿ ನೀರಿನಡಿಯಲ್ಲಿ ಉಳಿದು, ಇಳಿದ ಮೇಲೆ ಅಲ್ಲಿ ಕೆಸರಲ್ಲದೆ ಬೇರೇನೂ ಇರಲಿಲ್ಲ. ಆ ವರ್ಷದ ಗೌರಿಯೂ ಮರುವರ್ಷದ ಬೀಜವೂ ದೊರೆತದ್ದು, ಹಿಂದಿನ ದೀಪಾವಳಿಯಲ್ಲಿ ನಾವು ಬೀಜ ಹಂಚಿದ್ದ ದಿಬ್ಬದ ಮೇಲಿನ ಮೂರು ಮನೆಗಳ ಹಿತ್ತಿಲಿನಿಂದ.

ಬೀಜ ಕೂಡಿಸುವುದೇ ಮಕ್ಕಳಿಗೆ ಅತಿ ಪ್ರಿಯವಾದ ಕೆಲಸ. ರೋಮವುಳ್ಳ ಕಾಯಿ ಉಬ್ಬಿ, ಹಸುರು ಮಾಸಿ ತಿಳಿಯಾದಾಗ ಮುಟ್ಟಿದರೆ ಸಾಕು, ಐದು ಸಿಪ್ಪೆಗಳು ಸುರುಳಿ ಸುತ್ತಿ ಬೀಜಗಳನ್ನು ಹಲವು ಅಡಿ ದೂರ ಚಿಮ್ಮಿಸುತ್ತವೆ. ಲಿನಿಯಸ್ ಪಂಡಿತರ ಪದದ ಅರ್ಥವನ್ನು ಆಗ ಯಾರೂ ವಿವರಿಸಬೇಕಾಗಿಲ್ಲ. ಕಾಯಿಯನ್ನು ಮುಷ್ಟಿಯೊಳಗೆ ಹಿಡಿದು ಬಿಡಿಸಬೇಕು. ಅಂಗೈಯಲ್ಲಿ ಅದು ಸಿಡಿಯುವ ಕಚಗುಳಿಗೆ ಎಷ್ಟು ಗಂಭೀರ ಮಗುವಾದರೂ ನಗದಿರದು. ನೆರಳಲ್ಲಿ ಒಣಗಿಸಿ, ಹಳೆಯ ಪತ್ರಿಕೆಯ ಪೊಟ್ಟಣದಲ್ಲಿ ಕಟ್ಟಿ, ಮೇಲೆ ಹೂವಿನ ಹೆಸರು, ಬಣ್ಣ, ವರ್ಷ ಬರೆಯಿಸುತ್ತೇವೆ. ನಮ್ಮ ತರಗತಿಯಲ್ಲಿ ಇದಕ್ಕಿಂತ ಎಚ್ಚರದಿಂದ ಬರೆಯುವ ಶುದ್ಧಬರಹ ಬೇರೊಂದಿಲ್ಲ. ಬಣ್ಣದ ಮಾತು ಮಾತ್ರ ನಂಬಿಗೆಯದಲ್ಲ. ಜೇನುಹುಳುಗಳ ಓಡಾಟದಿಂದ ಕೆಂಪೆಂದು ಬರೆದ ಪೊಟ್ಟಣದಿಂದ ತಿಳಿಗುಲಾಬಿ ಬಂದದ್ದುಂಟು. ಕಳೆದ ಸಲ ಹುಡುಗಿಯೊಬ್ಬಳು ಒಂದು ಪೊಟ್ಟಣದ ಮೇಲೆ ಕನ್ನಡದಲ್ಲಿ ಗೌರಿಹೂ ಎಂದು ಬರೆದು, ಕೆಳಗೆ ದೇವನಾಗರಿಯಲ್ಲಿ ತೇರಡಾ ಎಂದೂ ಸೇರಿಸಿದಳು. ಮರಾಠಿ ಶಾಲೆಗೆ ಹೋಗುವ ನೆರೆಮನೆಯ ಗೆಳತಿಗಂತೆ.

ಎಷ್ಟು ಎಚ್ಚರವಹಿಸಿದರೂ ನಾಲ್ಕಾರು ಕಾಯಿ ತಾವೇ ಸಿಡಿಯುತ್ತವೆ. ಈ ಮಳೆಗಾಲದಲ್ಲಿ ಧ್ವಜಕಟ್ಟೆಯ ಕಲ್ಲುಸಂದಿಯಲ್ಲಿ ಎರಡು ಸಸಿ ಕಂಡವು. ಅವು ಹಗ್ಗದ ಯಾವ ಭಾಗಕ್ಕೆ ಸೇರಿದವೆಂಬ ವಾದ ಮಕ್ಕಳಲ್ಲಿ ಇನ್ನೂ ನಡೆದಿದೆ.